ಹೂತ ಗಾಲಿಯೂ ಹಿಂದೆ ಬರುವವರ ದಾರಿಯೂ

ಬಲವುಳ್ಳವನಿಗೆ ಹಾದುಹೋಗುವ ಅಧಿಕಾರವೂ ತಾನಾಗಿಯೇ ಬರುವದೋ ಎಂಬದು ನೀತಿವಿಚಾರದ ಹಳೆಯ ಪ್ರಶ್ನೆ. ಇದನ್ನು ಅರಸರ ಮತ್ತು ರಾಜ್ಯಗಳ ಸಂಬಂಧವಾಗಿ ಚರ್ಚಿಸುವದು ವಾಡಿಕೆ. ಆದರೆ ದೊಡ್ಡ ಪ್ರಶ್ನೆಗಳು ಎಷ್ಟೋ ಸಲ ದಿನದ ಸಣ್ಣ ಸಂಗತಿಗಳಲ್ಲಿಯೇ ಹೆಚ್ಚು ನಿಚ್ಚಳವಾಗಿ ಕಾಣುವವು. ಆದಕಾರಣ ಈ ಲೇಖದಲ್ಲಿ ಆ ಪ್ರಶ್ನೆಯನ್ನು ಮಳೆಗಾಲದ ಕೆಸರು ದಾರಿಯಲ್ಲಿ ಬಲವಾದ ಮೋಟಾರು ಗಾಡಿಯನ್ನು ನಡೆಯಿಸುವವನ ಮುಂದೆ ಇಟ್ಟುನೋಡಲು ಯತ್ನಿಸಿದೆ. ವಿಷಯವು ಅಲ್ಪವಾದುದೆಂದು ವಾಚಕರು ಇದನ್ನು ಬದಿಗೊತ್ತಲಾರರೆಂದು ನಂಬಿದ್ದೇವೆ. ಎರೆಯ ಸೀಮೆಯವರಿಗೆ ಕೆಸರು ಅಲ್ಪವಾದ ಸಂಗತಿಯಲ್ಲ.

ಗದಗ ಜಿಲ್ಲೆಯ ಮುಂಡರಗಿ ತಾಲೂಕಿನ ಕೊರ್ಲಹಳ್ಳಿಯು ತುಂಗಭದ್ರೆಯ ದಂಡೆಯ ಊರು. ಮುಂಡರಗಿಯಿಂದ ಹೂವಿನಹಡಗಲಿಗೆ ಹೋಗುವ ಡಾಂಬರು ರಸ್ತೆಯು ಇಲ್ಲಿ ಸೇತುವೆಯ ಮೇಲಿಂದ ಹೊಳೆಯನ್ನು ದಾಟುವದು. ಆ ರಸ್ತೆಯ ಮೇಲೆ ಇರುವ ತನಕ ಮಳೆಗಾಲದಲ್ಲಿಯೂ ಗಾಡಿಗಳಿಗೆ ಕೆಸರಿನ ಭಯವಿಲ್ಲ. ಆದರೆ ಒಕ್ಕಲಿಗನ ಬದುಕೆಲ್ಲ ಹೆದ್ದಾರಿಯ ಮೇಲೆ ನಡೆಯುವದಿಲ್ಲ. ಅದರಿಂದ ಕವಲೊಡೆದು ಹೊಲಗಳಿಗೆ ಹೋಗುವ ಬಂಡಿದಾರಿಗಳೇ ಅವನಿಗೆ ಆಧಾರ. ಈ ಸೀಮೆಯಲ್ಲಿ ಮಸಾರಿಯೂ ಉಂಟು, ಎರೆಯೂ ಉಂಟು. ಮಸಾರಿಯ ದಾರಿಯು ಮಳೆ ನಿಂತ ಕೆಲ ಹೊತ್ತಿನಲ್ಲಿ ನೀರು ಬಸಿದು ಗಟ್ಟಿಯಾಗುವದು. ಎರೆಯ ಗುಣವೇ ಬೇರೆ. ಅದರಲ್ಲಿರುವ ಅತಿ ಸೂಕ್ಷ್ಮವಾದ ಜೇಡಿಯ ಕಣಗಳು ನೀರನ್ನು ಹೀರಿ ಉಬ್ಬುವವು, ಒಣಗಿದಾಗ ಕುಗ್ಗುವವು. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುವ ಆ ನೆಲವೇ ಮಳೆಯಲ್ಲಿ ಮೇಣದಂತೆ ಗಾಲಿಗೆ ಮೆತ್ತಿಕೊಳ್ಳುವದು. ಜಿಲ್ಲೆಯ ವರ್ಷದ ಮಳೆಯು ಸರಾಸರಿ 600 ಮಿಲಿಮೀಟರಿನ ಆಸುಪಾಸಿನದು ಮಾತ್ರ. ಆದರೂ ಎರೆಯ ದಾರಿಯನ್ನು ಕೆಡಿಸಲು ಒಂದು ರಾತ್ರಿಯ ಮಳೆ ಸಾಕು.

ಇಂಥ ನೆಲದ ಸಲುವಾಗಿಯೇ ಮನುಷ್ಯನು ನಾಲ್ಕೂ ಗಾಲಿಗಳಿಗೆ ಎಂಜಿನ್ನಿನ ಶಕ್ತಿಯನ್ನು ಹಂಚುವ ಗಾಡಿಯನ್ನು ಮಾಡಿದನು. ಎರಡನೆಯ ಮಹಾಯುದ್ಧದಲ್ಲಿ, 1941ರಿಂದ ಮುಂದೆ, ಜೀಪು ಜಗತ್ತಿಗೆ ಪರಿಚಿತವಾಯಿತು. ಇಂದು ಆ ಜಾತಿಯ ಜೀಪುಗಳೂ ಟ್ರ್ಯಾಕ್ಟರುಗಳೂ ನಮ್ಮ ಹಳ್ಳಿಗಳಲ್ಲಿ ಅಪರೂಪವಲ್ಲ. ಸಾಧಾರಣ ಗಾಡಿಯಲ್ಲಿ ಎರಡೇ ಗಾಲಿಗಳು ಎಳೆಯುವವು ಇಲ್ಲವೆ ತಳ್ಳುವವು. ಅವುಗಳಲ್ಲಿ ಒಂದು ಕೆಸರಿನಲ್ಲಿ ಹಿಡಿತ ತಪ್ಪಿದರೆ, ಅಚ್ಚಿನ ನಡುವೆ ಇರುವ ಹಲ್ಲುಗಾಲಿಗಳ ರಚನೆಯಿಂದಾಗಿ ಅದೊಂದೇ ಗರಗರನೆ ತಿರುಗುವದು. ಗಟ್ಟಿ ನೆಲದ ಮೇಲಿರುವ ಇನ್ನೊಂದು ಗಾಲಿಯು ಸುಮ್ಮನೆ ನಿಲ್ಲುವದು. ನಾಲ್ಕೂ ಗಾಲಿಗಳು ದುಡಿಯುವ ಗಾಡಿಯಲ್ಲಿ ಹಿಡಿತ ಸಿಕ್ಕುವ ಸಂಭವವು ಹೆಚ್ಚು.

ಆದರೆ ಇಲ್ಲಿಯೇ ಒಂದು ಭ್ರಮೆಯು ಹುಟ್ಟುವದು. ನಾಲ್ಕು ಗಾಲಿಯ ಬಲವು ಮುಂದೆ ಹೋಗುವದಕ್ಕೆ ನೆರವಾಗುವದೇ ಹೊರತು ನಿಲ್ಲುವದಕ್ಕೆ ನೆರವಾಗದು. ಬ್ರೇಕು ಎಲ್ಲ ಕಾರುಗಳಲ್ಲಿಯೂ ನಾಲ್ಕು ಗಾಲಿಗಳಿಗೇ ಇರುವದು. ಜಾರುವ ನೆಲದ ಮೇಲೆ ಜೀಪು ಮಿಕ್ಕ ಗಾಡಿಗಳಷ್ಟೇ ಜಾರುವದು. ಅಷ್ಟೇ ಅಲ್ಲದೆ, ಬಲಹೀನ ಗಾಡಿಯು ಕೆಸರಿನ ಅಂಚಿನಲ್ಲಿಯೇ ಸಿಕ್ಕಿ ನಿಲ್ಲುವದು, ಹಿಂದಕ್ಕೆ ನೂಕಿದರೆ ಹೊರಬರುವದು. ಬಲವುಳ್ಳ ಗಾಡಿಯು ಸಿಕ್ಕುವದು ಕೆಸರಿನ ನಡುಮಧ್ಯದಲ್ಲಿ. ಬಲವು ಅಪಾಯವನ್ನು ತಪ್ಪಿಸುವದಕ್ಕಿಂತ ಅನೇಕ ಸಲ ಅದನ್ನು ಮುಂದಕ್ಕೆ ಹಾಕಿ ಆಳವಾಗಿಸುವದು.

ಕೆಸರಿನಲ್ಲಿ ಸುರಕ್ಷಿತವಾಗಿ ನಡೆಯಿಸಲು ಬಲ್ಲವರು ಹೇಳುವ ನಿಯಮಗಳನ್ನು ಪರೀಕ್ಷಿಸಿದರೆ ಒಂದು ಸಂಗತಿಯು ಹೊಳೆಯುವದು. ಮೊದಲು ಗಾಡಿಯಿಂದ ಇಳಿದು, ಕೋಲಿನಿಂದ ಕೆಸರಿನ ಆಳ ನೋಡಬೇಕು. ನಾಲ್ಕು ಗಾಲಿಯ ಜೋಡಣೆಯನ್ನೂ ಕೆಳಗಿನ ಗಿಯರನ್ನೂ ಕೆಸರಿಗೆ ಇಳಿಯುವ ಮುಂಚೆಯೇ ಹಾಕಬೇಕು, ಸಿಕ್ಕಿಬಿದ್ದ ಮೇಲಲ್ಲ. ನಿಧಾನವಾಗಿ, ಒಂದೇ ಸಮನಾದ ಗತಿಯಿಂದ ಸಾಗಬೇಕು. ಗಾಲಿ ತಿರುಗತೊಡಗಿದರೆ ಎಂಜಿನ್ನನ್ನು ಕೆರಳಿಸದೆ ಕಾಲು ತೆಗೆಯಬೇಕು, ಏಕೆಂದರೆ ತಿರುಗುವ ಗಾಲಿಯು ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುವದು. ಟಾಯರಿನ ಗಾಳಿಯನ್ನು ಕೊಂಚ ಇಳಿಸಿದರೆ ಅದು ಅಗಲವಾಗಿ ಊರಿ ಭಾರವನ್ನು ಹರವುವದು. ಗಟ್ಟಿ ರಸ್ತೆ ಸೇರಿದ ಕೂಡಲೆ ಗಾಳಿಯನ್ನು ಮತ್ತೆ ತುಂಬಬೇಕು. ಇಳಿಜಾರಿನಲ್ಲಿ ಬ್ರೇಕನ್ನು ತುಳಿಯುವದಕ್ಕಿಂತ ಕೆಳಗಿನ ಗಿಯರಿನಲ್ಲಿ ಎಂಜಿನ್ನಿನ ತಡೆಯನ್ನೇ ನಂಬಬೇಕು. ಹಗ್ಗ ಕಟ್ಟಿ ಎಳೆಯುವಾಗ ಜನರನ್ನು ದೂರ ಸರಿಸಬೇಕು, ಏಕೆಂದರೆ ಹರಿದ ಹಗ್ಗವು ಪ್ರಾಣವನ್ನು ತೆಗೆಯಬಲ್ಲದು. ಹಳ್ಳವು ತುಂಬಿ ಹರಿಯುತ್ತಿದ್ದರೆ ದಾಟಲೇಬಾರದು. 30 ಸೆಂಟಿಮೀಟರಿನಷ್ಟು ಹರಿಯುವ ನೀರು ಸಣ್ಣ ಕಾರನ್ನು ತೇಲಿಸಬಲ್ಲದು, 60 ಸೆಂಟಿಮೀಟರಿನದು ಜೀಪಿನಂಥ ಗಾಡಿಯನ್ನೂ ಕೊಚ್ಚಬಲ್ಲದು. ಕಡೆಗೆ, ಎಷ್ಟೋ ಗಾಡಿಗಳಲ್ಲಿ ಡಾಂಬರನ್ನು ಸೇರಿದೊಡನೆ ನಾಲ್ಕು ಗಾಲಿಯ ಜೋಡಣೆಯನ್ನು ಬಿಡಿಸಲೇಬೇಕು. ಇಲ್ಲದಿದ್ದರೆ ಆ ಬಲವೇ ಯಂತ್ರವನ್ನು ತಿರುಚಿ ಕೆಡಿಸುವದು.

ಇವುಗಳಲ್ಲಿ ಹೆಚ್ಚಿನವು ಬಲವನ್ನು ತಡೆಹಿಡಿಯಬೇಕೆಂದು ಕಲಿಸುವ ನಿಯಮಗಳೇ ಆಗಿವೆ. ಎರಡನೆಯದಾಗಿ, ಮುಖ್ಯವಾದ ನಿರ್ಧಾರಗಳೆಲ್ಲ ಕೆಸರಿಗೆ ಇಳಿಯುವ ಮುಂಚಿನವು. ಇಳಿದ ಬಳಿಕ ಚಾತುರ್ಯವು ಉಳಿಯಬಹುದು, ಆಯ್ಕೆಯು ಉಳಿಯದು.

ಈ ಮಾತಿಗೆ ಭಾರತಕಥೆಯಲ್ಲಿ ಒಂದು ಘನವಾದ ನಿದರ್ಶನವುಂಟು. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸನು ಭಾರತವನ್ನು ಕನ್ನಡದಲ್ಲಿ ಹಾಡಿದನೆಂದು ಹೆಮ್ಮೆಪಡುವ ಈ ಸೀಮೆಯವರಿಗೆ ಕರ್ಣನ ರಥದ ಗಾಲಿಯನ್ನು ನೆಲವು ನುಂಗಿದ ಕಥೆಯನ್ನು ವಿವರಿಸಬೇಕಾಗಿಲ್ಲ. ವ್ಯಾಸಭಾರತದ ಕರ್ಣಪರ್ವದಲ್ಲಿ, ಗಾಲಿ ಹೂತಾಗ ಕರ್ಣನು ಧರ್ಮವನ್ನು ನೆನಪಿಸಿ ಅರ್ಜುನನಿಗೆ ತುಸು ತಡೆಯೆನ್ನುವನು. ಆಗ ಕೃಷ್ಣನು, ದ್ರೌಪದಿಯನ್ನು ಸಭೆಗೆ ಎಳೆತಂದಾಗ ನಿನ್ನ ಧರ್ಮವು ಎಲ್ಲಿತ್ತೆಂದು ಕೇಳುವನು. ಕರ್ಣನ ಮೇಲೆ ನಮಗೆ ಕನಿಕರ ಹುಟ್ಟುವದು ಸಹಜ. ಆದರೂ ಆ ಪ್ರಶ್ನೆಯು ಅವನೊಬ್ಬನಿಗೆ ಸಂಬಂಧಿಸಿದ್ದಲ್ಲ. ಗಾಲಿಯು ಓಡುವ ತನಕ ಬಲವನ್ನು ನೆಚ್ಚಿ, ಅದು ಹೂತ ಮೇಲೆ ಧರ್ಮವನ್ನು ನೆನೆಯುವದು ಮನುಷ್ಯಮಾತ್ರರ ದೌರ್ಬಲ್ಯ.

ಈ ತನಕ ಹೇಳಿದುದೆಲ್ಲ ಗಾಡಿಯವನ ಸ್ವಂತ ಕ್ಷೇಮಕ್ಕೆ ಸಂಬಂಧಿಸಿದುದು, ಇದನ್ನು ಜಾಣತನವೆನ್ನಬಹುದು. ನೀತಿಯ ಪ್ರಶ್ನೆಯು ಏಳುವದು ಅವನು ಸುಖವಾಗಿ ದಾಟಿಹೋದ ಮೇಲೆ. ಹಸಿ ಎರೆಯಲ್ಲಿ ಭಾರವಾದ ಗಾಡಿಯು ಹಾದಾಗ ಮೊಳಕಾಲುದ್ದದ ಜಾಡು ಬೀಳುವದು. ಬಿಸಿಲು ಬಿದ್ದರೆ ಅದೇ ಜಾಡು ಕಲ್ಲಿನಂತೆ ಗಟ್ಟಿಯಾಗುವದು. ಮತ್ತೆ ಮಳೆ ಬಂದರೆ ಅದರಲ್ಲಿ ನೀರು ನಿಲ್ಲುವದು. ಹಿಂದೆ ಬರುವವನ ಎತ್ತು ಅದರಲ್ಲಿ ಕಾಲು ಮುರಿದುಕೊಳ್ಳಬಹುದು, ಬಂಡಿಯ ಅಚ್ಚು ಮುರಿಯಬಹುದು. ಬುತ್ತಿ ಹೊತ್ತು ಹೊಲಕ್ಕೆ ಹೋಗುವ ಹೆಣ್ಣುಮಗಳು ದಾರಿ ಬಿಟ್ಟು ಬದಿಯವನ ಬೆಳೆಯಲ್ಲಿ ಕಾಲಿಡಬೇಕಾಗುವದು. ಅದರಿಂದ ಬದುವಿನ ಜಗಳವು ಹುಟ್ಟುವದು. ದಾಟಿಹೋದವನಿಗೆ ಇವೊಂದೂ ಕಾಣವು. ತನ್ನ ಬಲದಿಂದ ದಾಟಿದೆನೆಂದು ಅವನು ತಿಳಿಯುವನು. ಎಲ್ಲರ ಸ್ವತ್ತಾದ ದಾರಿಯ ಒಂದು ಪಾಲನ್ನು ಖರ್ಚು ಮಾಡಿ ದಾಟಿದೆನೆಂದು ಲೆಕ್ಕ ಹಿಡಿಯನು.

ನಮ್ಮಲ್ಲಿ ಹಿಮ ಬೀಳದು. ಆದರೆ ಕನ್ನಡದ ಮಕ್ಕಳು ಸೈನಿಕರಾಗಿ ದುಡಿಯುವ ಲಡಾಖಿನ ಘಟ್ಟದಾರಿಗಳಲ್ಲಿಯೂ ಈ ನ್ಯಾಯವೇ ಸಲ್ಲುವದು. 1960ರಲ್ಲಿ ಸ್ಥಾಪಿತವಾದ ಗಡಿ ರಸ್ತೆಗಳ ಸಂಸ್ಥೆಯು ಅಲ್ಲಿಯ ದಾರಿಗಳನ್ನು ಕಾಯುತ್ತಿದೆ. ಅಲ್ಲಿ ಗಾಲಿಗೆ ಕಬ್ಬಿಣದ ಸರಪಳಿಯನ್ನು ತೊಡಿಸದೆ ಅವಸರದಿಂದ ಏರಹೋದವನ ಗಾಲಿಯು ನಿಂತಲ್ಲಿಯೇ ತಿರುಗಿ ಹಿಮವನ್ನು ನುಣ್ಣನೆಯ ಮಂಜುಗಡ್ಡೆಯನ್ನಾಗಿ ಮಾಡುವದು. ಅವನು ಹೇಗೋ ದಾಟಬಹುದು, ಹಿಂದಿನವನು ಜಾರುವನು. ಒಂದೇ ಗಾಡಿಯ ಅಗಲದ ದಾರಿಯಲ್ಲಿ ಅವನು ಸಿಕ್ಕಿಬಿದ್ದರಂತೂ ಎರಡೂ ದಿಕ್ಕಿನವರು ಚಳಿಯಲ್ಲಿ ಕಾಯಬೇಕಾಗುವದು.

ಇಲ್ಲಿ ಒಂದು ಆಕ್ಷೇಪವು ಬರುವದು, ಮತ್ತು ಅದು ನ್ಯಾಯವಾದುದು. ದಾರಿ ಕೆಡುವದೆಂದು ಯಾರೂ ಹೋಗಬಾರದೇ? ಹೊಲದ ಮನೆಯಲ್ಲಿ ಬಸುರಿಗೆ ನೋವು ಕಾಣಿಸಿಕೊಂಡರೆ, ಮುದುಕನಿಗೆ ಹಾವು ಕಚ್ಚಿದರೆ? ಕರ್ನಾಟಕದಲ್ಲಿ 2008ರ ನವೆಂಬರ 1ರಂದು ಆರಂಭವಾದ 108ರ ಆಂಬುಲೆನ್ಸು ಡಾಂಬರಿನ ತುದಿಗೆ ಬಂದು ನಿಂತಾಗ, ಎರೆಯ ದಾರಿಯಲ್ಲಿ ಇಳಿದು ರೋಗಿಯನ್ನು ತರಬಲ್ಲುದು ಊರಿನವರ ಜೀಪು ಇಲ್ಲವೆ ಟ್ರ್ಯಾಕ್ಟರು ಮಾತ್ರ. 2009ರ ಸೆಪ್ಟೆಂಬರದ ಕೊನೆ ಮತ್ತು ಅಕ್ಟೋಬರದ ಮೊದಲಿಗೆ ಉತ್ತರ ಕರ್ನಾಟಕದಲ್ಲಿ ಸುರಿದ ಘೋರ ಮಳೆಯನ್ನು ಕಂಡವರು ಇಂಥ ಗಾಡಿಯ ಬೆಲೆಯನ್ನು ಬಲ್ಲರು. ಅಂಥ ಹೊತ್ತಿನಲ್ಲಿ ದಾರಿಯ ಚಿಂತೆಯನ್ನು ಮುಂದಿಟ್ಟು ಮನೆಯಲ್ಲಿ ಕುಳ್ಳಿರುವವನು ನೀತಿವಂತನಲ್ಲ, ಹೇಡಿ. ಬಲವಿದ್ದವನ ಮೇಲೆ ಹೋಗುವ ಹೊಣೆಯೇ ಇರುವದು.

ಆದರೆ ಈ ಆಕ್ಷೇಪವು ನಮ್ಮ ತತ್ವವನ್ನು ಕೆಡಿಸದೆ ತಿಳಿಯಾಗಿಸುವದು. ದಾರಿಯು ಎಲ್ಲರ ಅಗತ್ಯಕ್ಕಾಗಿ ಕೂಡಿಟ್ಟ ಸ್ವತ್ತು. ಒಬ್ಬನ ಪ್ರಾಣದ ಸಲುವಾಗಿ ಅದು ಖರ್ಚಾದರೆ ಊರು ಅದನ್ನು ಸಂತೋಷದಿಂದ ತಡೆದುಕೊಳ್ಳುವದು. ಅದೇ ದಾರಿಯನ್ನು ಮುನ್ನಾದಿನ ಒಬ್ಬನು ತನ್ನ ಗಾಡಿಯ ಬಲವನ್ನು ಗೆಳೆಯರಿಗೆ ತೋರಿಸುವದಕ್ಕಾಗಿ, ಇಲ್ಲವೆ ಎರಡು ದಿನ ಕಾಯಬಹುದಾದ ಮಾಲನ್ನು ಇಂದೇ ಸಾಗಿಸುವದಕ್ಕಾಗಿ ಕೊರೆದುಹಾಕಿದ್ದರೆ, ಮರುದಿನ ಬಸುರಿಯನ್ನು ಹೊತ್ತ ಗಾಡಿಯು ಅವನ ಜಾಡಿನಲ್ಲಿಯೇ ಹೂಳುವದು. ತಾನು ಯಾರಿಗೂ ಕೆಡುಕು ಮಾಡಲಿಲ್ಲವೆಂದು ಅವನು ಪ್ರಾಮಾಣಿಕವಾಗಿಯೇ ಹೇಳಬಹುದು. ಅವಳ ಹೆಸರನ್ನೂ ಅವನು ಅರಿಯನು. ಎಲ್ಲರ ಸ್ವತ್ತಿಗೆ ಮಾಡಿದ ಅನ್ಯಾಯದ ಲಕ್ಷಣವೇ ಇದು: ಮಾಡಿದವನಿಗೆ ನೊಂದವರ ಮುಖವು ಕಾಣುವದಿಲ್ಲ.

ಆದುದರಿಂದ ಕೆಸರಿನ ಅಂಚಿನಲ್ಲಿ ನಿಂತವನು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ನಾನು ದಾಟಬಲ್ಲೆನೋ ಎಂಬದು ಮೊದಲನೆಯದು. ಇದಕ್ಕೆ ಉತ್ತರವನ್ನು ಯಂತ್ರವೂ ಅಭ್ಯಾಸವೂ ಕೊಡುವವು. ಈಗಲೇ ದಾಟಬೇಕೋ ಎಂಬದು ಎರಡನೆಯದು. ಇದಕ್ಕೆ ತನ್ನ ಮನಸ್ಸೇ ಉತ್ತರ ಕೊಡಬೇಕು. ನಾನು ದಾಟಿದ ಮೇಲೆ ದಾರಿಯು ಹೇಗೆ ಉಳಿಯುವದೆಂಬದು ಮೂರನೆಯದು. ದಾಟಲೇಬೇಕಾಗಿ ಬಂದವನೂ ಮಳೆ ನಿಂತ ಬಳಿಕ ನಾಲ್ಕು ಬುಟ್ಟಿ ಗರಸು ತಂದು ತನ್ನ ಜಾಡನ್ನು ತುಂಬಿಸಬಹುದು. ಇದು ದಂಡವಲ್ಲ, ಸಾಲ ತೀರಿಸುವದು.

ಊರಿಗೂ ಸರಕಾರಕ್ಕೂ ಇಲ್ಲಿ ಹೊಣೆಯುಂಟು. 2000ನೆಯ ಇಸವಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ ಯೋಜನೆಯು ಎಷ್ಟೋ ಹಳ್ಳಿಗಳಿಗೆ ಗಟ್ಟಿ ರಸ್ತೆಯನ್ನು ಒದಗಿಸಿತು. ಊರಿನಿಂದ ಹೊಲದ ವರೆಗಿನ ದಾರಿಗಳಿಗೂ ಗರಸು ಬೀಳಬೇಕು, ನೀರು ಹರಿದುಹೋಗಲು ಬದಿಯಲ್ಲಿ ಕಾಲುವೆ ಬೇಕು. ಆದರೆ ದಾರಿಗಳೆಲ್ಲ ಗಟ್ಟಿಯಾದ ದಿನವೂ ಈ ಪ್ರಶ್ನೆಯು ಮುಗಿಯದು. ಕೆರೆಯ ನೀರಿನಲ್ಲಿ, ಹೊಳೆಯ ಉಸುಕಿನಲ್ಲಿ, ಕಪ್ಪತಗುಡ್ಡದ ಗಿಡಮರಗಳಲ್ಲಿ ಬಲವುಳ್ಳವನು ಮೊದಲು ಹಾದುಹೋಗುತ್ತಲೇ ಇರುವನು, ಬಲವಿಲ್ಲದವರು ಅವನ ಹಿಂದೆ ಬರುತ್ತಲೇ ಇರುವರು. ಮುಂದೆ ಹೋಗುವವನು ಒಮ್ಮೆ ಗಾಡಿಯನ್ನು ನಿಲ್ಲಿಸಿ, ಇಳಿದು, ಹಿಂತಿರುಗಿ ನೋಡುವದನ್ನು ಕಲಿತರೆ, ಈ ನಾಡಿನ ದಾರಿಗಳು ಎಲ್ಲರಿಗೂ ಉಳಿದಾವು.