ಯುಗಾದಿಯ ಸಂಕಲ್ಪವೂ ಅದರ ನಿರ್ವಾಹವೂ



ಚೈತ್ರ ಶುದ್ಧ ಪ್ರತಿಪತ್ತಿನಂದು ಅಭ್ಯಂಗಸ್ನಾನವಾಗಿ, ಬೇವುಬೆಲ್ಲಗಳನ್ನು ಸ್ವೀಕರಿಸಿ, ಪಂಚಾಂಗಶ್ರವಣಕ್ಕೆ ಕುಳಿತಾಗ ನಮ್ಮೆಲ್ಲರ ಮನಸ್ಸಿನಲ್ಲಿಯೂ ಒಂದಲ್ಲ ಒಂದು ಸದಿಚ್ಛೆ ಅಂಕುರಿಸುತ್ತದೆ. ಒಬ್ಬರು ನಿತ್ಯ ಪಾರಾಯಣವನ್ನು ಬಯಸುತ್ತಾರೆ. ಇನ್ನೊಬ್ಬರು ಏಕಾದಶಿಯ ಉಪವಾಸವನ್ನು. ಮತ್ತೊಬ್ಬರು ಕೋಪವನ್ನು ಬಿಡಬೇಕೆಂದು ನಿಶ್ಚಯಿಸುತ್ತಾರೆ. ಬಾಗಿಲಿನ ಮಾವಿನ ತೋರಣ ಒಣಗುವ ಮೊದಲೇ ಆ ನಿಶ್ಚಯಗಳಲ್ಲಿ ಅನೇಕವು ಒಣಗಿಹೋಗುವುದೇಕೆ ಎಂಬುದೇ ಇಂದಿನ ವಿಚಾರ.

ಒಬ್ಬ ಗೃಹಸ್ಥರು ಒಮ್ಮೆ ಪ್ರವಚನ ಮುಗಿದ ಮೇಲೆ ಬಂದು ಹೀಗೆಂದರು: "ಆಚಾರ್ಯರೇ, ಯುಗಾದಿಯಿಂದ ದಿನಕ್ಕೊಂದು ಗೀತಾಧ್ಯಾಯ ಓದುವೆನೆಂದು ದೇವರ ಮುಂದೆ ಹೇಳಿಕೊಂಡಿದ್ದೆ. ಗದ್ದೆಗೆ ನೀರು ಕಟ್ಟುವ ಸರದಿ ರಾತ್ರಿಗೆ ಬಂತು. ಎರಡು ದಿನ ತಪ್ಪಿತು. ಆಮೇಲೆ ಪುಸ್ತಕ ತೆಗೆಯಲು ಕೈ ಬರಲಿಲ್ಲ. ಈಗ ಗುಡಿಗೆ ಬರಲೂ ನಾಚಿಕೆಯಾಗುತ್ತದೆ." ಎರಡು ದಿನ ತಪ್ಪಿದ್ದು ಸಣ್ಣ ಲೋಪ. ಆದರೆ ಅದರ ಲಜ್ಜೆಯಿಂದ ಮೊದಲಿನಿಂದ ಇದ್ದ ದೇವರ ದರ್ಶನವೂ ನಿಂತುಹೋಯಿತಲ್ಲ, ಅದು ದೊಡ್ಡ ಹಾನಿ. ಇಂತಹ ಸ್ಥಿತಿ ನಮ್ಮಲ್ಲಿ ಎಷ್ಟು ಜನರದ್ದಲ್ಲ!

ಇದಕ್ಕೆ ಪರಿಹಾರವನ್ನು ಹಿರಿಯರು ಸಂಕಲ್ಪದ ರೀತಿಯಲ್ಲಿಯೇ ಇಟ್ಟಿದ್ದಾರೆ. ನಾವು ಸಂಕಲ್ಪ ಮಾಡುವಾಗ ಏನು ಹೇಳುತ್ತೇವೆ? ಜಂಬೂದ್ವೀಪ, ಭರತವರ್ಷ, ಗೋದಾವರಿಯ ದಕ್ಷಿಣ ತೀರ ಎಂದು ಸ್ಥಳವನ್ನು ಹೇಳುತ್ತೇವೆ. ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರಗಳನ್ನು ಹೇಳುತ್ತೇವೆ. ಬಳಿಕ ಮುಖ್ಯಪ್ರಾಣಾಂತರ್ಗತನಾದ ಶ್ರೀಹರಿಯ ಪ್ರೇರಣೆಯಿಂದ, ಆತನ ಪ್ರೀತಿಗಾಗಿ, ಇಂತಹ ಕರ್ಮವನ್ನು ಮಾಡುತ್ತೇನೆಂದು ನುಡಿಯುತ್ತೇವೆ. ಇದರಲ್ಲಿ ಮೂರು ಅಂಶಗಳು ಗಮನಾರ್ಹ.

ಮೊದಲನೆಯದು, ಸಂಕಲ್ಪವು ಇಂದಿನ ತಿಥಿಗೆ ಸೇರಿದ್ದು. ನಿತ್ಯಪೂಜೆಗೆ ಪ್ರತಿದಿನವೂ ಹೊಸ ಸಂಕಲ್ಪವುಂಟು. ವರ್ಷಾರಂಭದಲ್ಲಿ ಒಮ್ಮೆ ನುಡಿದ ಮಾತು ವರ್ಷವಿಡೀ ನಮ್ಮನ್ನು ಎಳೆದುಕೊಂಡು ಹೋಗಲೆಂದು ಶಾಸ್ತ್ರವು ಬಿಟ್ಟಿಲ್ಲ. ನಿನ್ನೆ ತಪ್ಪಿತೆಂದು ಇಂದಿನ ತಿಥಿಯನ್ನು ಹೇಳಲು ಯಾರೂ ಅಡ್ಡಿಮಾಡಲಾರರು.

ಎರಡನೆಯದು, ವ್ರತಕ್ಕೆ ಮಿತಿಯುಂಟು. ಚಾತುರ್ಮಾಸ್ಯವನ್ನು ನೋಡಿರಿ. ಆಷಾಢದಲ್ಲಿ ಆರಂಭವಾಗುವ ಶಾಕವ್ರತವು ಒಂದು ತಿಂಗಳು. ಬಳಿಕ ದಧಿವ್ರತ, ಕ್ಷೀರವ್ರತ, ದ್ವಿದಳವ್ರತಗಳು ಒಂದೊಂದು ತಿಂಗಳು. ಪ್ರತಿ ವ್ರತಕ್ಕೂ ಆರಂಭದ ಸಂಕಲ್ಪವಿದೆ, ಅಂತ್ಯದ ಸಮರ್ಪಣೆಯಿದೆ. ಏಕಾದಶಿಗೂ ದಶಮಿಯ ಏಕಭುಕ್ತವು ಪೂರ್ವಸಿದ್ಧತೆ, ದ್ವಾದಶಿಯ ಪಾರಣೆಯು ಸಮಾಪ್ತಿ. ನಮ್ಮ ಬೆಳಗೊಳದ ಸಮೀಪದ ಕನ್ನಂಬಾಡಿ ಕಟ್ಟೆಯನ್ನು ನೆನೆಯಿರಿ. 1911ರಲ್ಲಿ ಆರಂಭವಾದ ಆ ಕೆಲಸಕ್ಕೆ ಸುಮಾರು ಇಪ್ಪತ್ತು ವರ್ಷಗಳು ಹಿಡಿದವು. ಸುರ್ಕಿ ಗಾರೆಯ ಮೇಲೆ ಕಲ್ಲು, ಕಲ್ಲಿನ ಮೇಲೆ ಗಾರೆ ಎಂದು ಹಂತಹಂತವಾಗಿ ಏರಿತು. ಇಂದು 124.80 ಅಡಿ ನೀರನ್ನು ತಡೆಯುವ ಆ ಕಟ್ಟೆಗೂ ತೂಬುಗಳಿವೆ. ಮನಸ್ಸಿಗೆ ಹಾಕುವ ಕಟ್ಟೂ ಹಾಗೆಯೇ ಅಳತೆಯದ್ದಾಗಿರಬೇಕು. ಹದಿನೆಂಟು ಅಧ್ಯಾಯಗಳನ್ನು ಓದಲಾಗದ ದಿನ ಹತ್ತು ಶ್ಲೋಕಗಳು ಸಾಕು.

ಮೂರನೆಯದು ಅತಿಮುಖ್ಯ. ಜೀವನ ಕರ್ತೃತ್ವವು ಶ್ರೀಹರಿಯ ಅಧೀನವೆಂಬುದು ಶ್ರೀಮದಾಚಾರ್ಯರ ಸಿದ್ಧಾಂತ. "ನಾನು ಸಾಧಿಸುತ್ತೇನೆ" ಎಂದು ಹೊರಟವನು ಸಾಧಿಸಿದರೆ ಅಹಂಕಾರಕ್ಕೆ, ತಪ್ಪಿದರೆ ನಿರಾಶೆಗೆ ಬೀಳುತ್ತಾನೆ. "ಅವನು ಮಾಡಿಸಲಿ, ನಾನು ಪ್ರಯತ್ನಿಸುತ್ತೇನೆ" ಎಂಬವನಿಗೆ ಎರಡೂ ಇಲ್ಲ. ಇದು ಸೋಮಾರಿತನಕ್ಕೆ ನೆವವಲ್ಲ. ಪ್ರಯತ್ನವು ನಮ್ಮ ಪಾಲಿನ ಸೇವೆಯೇ. ಮನೋಭಿಮಾನಿಯಾದ ರುದ್ರದೇವರನ್ನು, ಮುಖ್ಯಪ್ರಾಣದೇವರನ್ನು ಪ್ರಾರ್ಥಿಸಿ ಹೆಜ್ಜೆಯಿಡುವುದು ನಮ್ಮ ಸಂಪ್ರದಾಯ.

ವರ್ಷಪೂರ್ತಿಯ ವ್ರತಕ್ಕೆ ಶ್ರೀಮದ್ಭಾಗವತದ ನವಮಸ್ಕಂಧದ ಅಂಬರೀಷರಾಜನೇ ನಿದರ್ಶನ. ಪತ್ನೀಸಮೇತನಾಗಿ ಒಂದು ಸಂವತ್ಸರ ದ್ವಾದಶೀವ್ರತವನ್ನು ಆಚರಿಸಿದ ಆತನಿಗೆ ಪರೀಕ್ಷೆ ಬಂದುದು ಕೊನೆಯ ಪಾರಣೆಯ ಗಳಿಗೆಯಲ್ಲಿ. ಅತಿಥಿಯಾಗಿ ಬಂದ ದೂರ್ವಾಸರು ಯಮುನೆಗೆ ಸ್ನಾನಕ್ಕೆ ಹೋದವರು ಮರಳಲಿಲ್ಲ. ದ್ವಾದಶಿಯು ಮುಗಿಯುತ್ತ ಬಂತು. ಊಟ ಮಾಡಿದರೆ ಅತಿಥಿಗೆ ಅಪಚಾರ, ಮಾಡದಿದ್ದರೆ ವ್ರತಕ್ಕೆ ಭಂಗ. ರಾಜನು ಬಲ್ಲವರನ್ನು ಕೇಳಿ ನೀರನ್ನು ಮಾತ್ರ ಸ್ವೀಕರಿಸಿದನು. ಮುನಿಗಳು ಕೋಪದಿಂದ ಕೃತ್ಯೆಯನ್ನು ಸೃಷ್ಟಿಸಿದಾಗ ಆತನು ನಿಂತಲ್ಲಿಂದ ಕದಲಲಿಲ್ಲ, ಸುದರ್ಶನವೇ ರಕ್ಷಿಸಿತು. ಆ ಚಕ್ರಕ್ಕೆ ಹೆದರಿ ಲೋಕಲೋಕಗಳನ್ನು ಸುತ್ತಿದ ಮುನಿಗಳು ಹಿಂದಿರುಗುವವರೆಗೆ, ಒಂದು ವರ್ಷ ಕಾಲ, ರಾಜನು ಅನ್ನವನ್ನು ಮುಟ್ಟದೆ ಅವರನ್ನೇ ಕಾಯುತ್ತಿದ್ದನು. ಅವರು ಬಂದೊಡನೆ ಅವರಿಗಾಗಿ ಚಕ್ರವನ್ನು ಪ್ರಾರ್ಥಿಸಿದನು. ವ್ರತನಿಷ್ಠೆಯೆಂದರೆ ಹಟವಲ್ಲ; ವಿವೇಕವೂ ಕರುಣೆಯೂ ಅದರ ಅಂಗಗಳು. ತಾನು ಉಪವಾಸವಿದ್ದೇನೆಂದು ಮನೆಯವರ ಮೇಲೆ ಸಿಡುಕುವವನು ಇದನ್ನು ಯೋಚಿಸಬೇಕು.

ಹಾಗಾದರೆ ಲೋಪಕ್ಕೆ ಏನು ಗತಿ? ಪ್ರತಿಯೊಂದು ಪೂಜೆಯ ಅಂತ್ಯದಲ್ಲಿಯೂ ಮಂತ್ರಲೋಪ, ಕ್ರಿಯಾಲೋಪಗಳ ಪರಿಹಾರಕ್ಕಾಗಿ ಅಚ್ಯುತ, ಅನಂತ, ಗೋವಿಂದ ಎಂಬ ಮೂರು ನಾಮಗಳನ್ನು ಜಪಿಸುತ್ತೇವೆ. ಮನುಷ್ಯನಿಂದ ತಪ್ಪು ಆಗಿಯೇ ಆಗುವುದೆಂದು ಅರಿತೇ ಹಿರಿಯರು ಇದನ್ನು ವಿಧಿಯೊಳಗೆ ಸೇರಿಸಿದರು. ಯೋಗದ ನಡುವೆ ಜಾರಿದವನು ಚದುರಿದ ಮೋಡದಂತೆ ಎರಡೂ ಕಡೆಗೆ ಇಲ್ಲದೆ ನಾಶವಾಗುವನೇ ಎಂದು ಗೀತೆಯ ಆರನೆಯ ಅಧ್ಯಾಯದಲ್ಲಿ ಅರ್ಜುನನು ಕೇಳಿದ್ದಾನೆ. ಒಳಿತನ್ನು ಮಾಡಹೊರಟವನಿಗೆ ಇಹದಲ್ಲಿಯೂ ಪರದಲ್ಲಿಯೂ ದುರ್ಗತಿಯಿಲ್ಲವೆಂದು ಭಗವಂತನು ಅಭಯವಿತ್ತಿದ್ದಾನೆ.

ಆ ಗೃಹಸ್ಥರಿಗೆ ನಾವು ಹೇಳಿದ್ದು ಇಷ್ಟೇ: "ಬಿಟ್ಟುಹೋದ ದಿನಗಳನ್ನು ಎಣಿಸಬೇಡಿ. ಮೂರು ನಾಮಗಳನ್ನು ಹೇಳಿ, ಇಂದಿನ ತಿಥಿಯನ್ನು ನುಡಿದು, ಎಲ್ಲಿ ನಿಂತಿತೋ ಅಲ್ಲಿಂದಲೇ ಓದಿ. ನೀರು ಕಟ್ಟುವ ರಾತ್ರಿ ಬದುವಿನ ಮೇಲೆ ನಿಂತೇ ಒಂದು ಶ್ಲೋಕವನ್ನು ಸ್ಮರಿಸಿ." ಅವರು ಮರುದಿನ ಗುಡಿಗೆ ಬಂದರು.

ಯುಗಾದಿಯು ವರ್ಷಕ್ಕೊಮ್ಮೆ ಬರುತ್ತದೆ. ಸಂಕಲ್ಪದ ಅವಕಾಶವು ಪ್ರತಿ ಪ್ರಾತಃಕಾಲವೂ ಬರುತ್ತದೆ. ನಿಂತದ್ದನ್ನು ಇಂದೇ ಮತ್ತೆ ಆರಂಭಿಸುವ ಬುದ್ಧಿಯನ್ನು ಶ್ರೀಹರಿವಾಯುಗುರುಗಳು ನಮಗೆಲ್ಲರಿಗೂ ಅನುಗ್ರಹಿಸಲಿ.

ಶ್ರೀಕೃಷ್ಣಾರ್ಪಣಮಸ್ತು