ಯೋಧನ ಋಣವೂ ಪಕ್ಷದ ಕೊಡುಗೆಯೂ

ಋಣವನ್ನು ತೀರಿಸುವುದು ಬೇರೆ, ದಾನವನ್ನು ನೀಡುವುದು ಬೇರೆ. ಋಣ ತೀರಿಸಿದವನು ಹಗುರಾಗುತ್ತಾನೆ. ದಾನ ನೀಡಿದವನು, ಎಚ್ಚರ ತಪ್ಪಿದರೆ, ತನ್ನ ಕಣ್ಣಿಗೆ ತಾನೇ ದೊಡ್ಡವನಾಗುತ್ತಾನೆ. ಮಠದ ಪ್ರಸಾದನಿಲಯದಲ್ಲಿ ಉಂಡು ವಿದ್ಯೆ ಕಲಿತ ವಾಚಕರಿಗೆ ಈ ಅಂತರವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಬಡಿಸುವ ಮುನ್ನ ಯಾರಾದರೂ ನಿಮ್ಮನ್ನು ನಿಲ್ಲಿಸಿ, ನೀನು ಯಾರ ಕಡೆಯವನೆಂದು ವಿಚಾರಿಸಿದ್ದರೆ ಆ ತುತ್ತು ಗಂಟಲಿಗಿಳಿಯುತ್ತಿತ್ತೇ? ನಮ್ಮ ದೇಶದ ನಿವೃತ್ತ ಸೈನಿಕನನ್ನು ಇಂದು ಹಾಗೆ ನಿಲ್ಲಿಸಿ ವಿಚಾರಿಸಲಾಗುತ್ತಿದೆ ಎಂಬುದೇ ಈ ಬರಹದ ಚಿಂತೆ.

ಕಾಳಗದಲ್ಲಿ ಮಡಿದವನ ಮನೆಯವರಿಗೆ ಬಿಟ್ಟ ಭೂಮಿಯನ್ನು ಕನ್ನಡ ಶಾಸನಗಳು 'ನೆತ್ತರುಗೊಡಗೆ' ಎಂದು ಕರೆದಿವೆ. ಹಾಗೆಂದು ಪ್ರಾಚೀನರನ್ನು ಅತಿಯಾಗಿ ಕೊಂಡಾಡಬೇಕಾಗಿಲ್ಲ. ಒಡೆಯನು ಕೊಟ್ಟದ್ದು ತನ್ನ ಪರವಾಗಿ ಹೋರಾಡಿದವನಿಗೇ. ಪ್ರಜಾಪ್ರಭುತ್ವದ ಸೈನಿಕನಿಗಾದರೋ ಅಂತಹ ಒಡೆಯನಿಲ್ಲ. ಅವನು ಪ್ರತಿಜ್ಞೆ ಮಾಡುವುದು ಸಂವಿಧಾನಕ್ಕೆ. ಆದುದರಿಂದ ಅವನಿಗೆ ಸಲ್ಲಬೇಕಾದುದರಲ್ಲಿ ಸಾಲಗಾರನು ಇಡೀ ರಾಷ್ಟ್ರ. ಆಳುವ ಪಕ್ಷವು ಆ ಸಾಲವನ್ನು ರಾಷ್ಟ್ರದ ಪರವಾಗಿ ಪಾವತಿ ಮಾಡುವ ಕಾರಕೂನ ಮಾತ್ರ.

'ಸಮಾನ ಶ್ರೇಣಿಗೆ ಸಮಾನ ಪಿಂಚಣಿ' ಎಂಬ ಬೇಡಿಕೆಯ ಕಥೆಯನ್ನು ಈ ದೃಷ್ಟಿಯಿಂದ ನೋಡೋಣ. ಸೇನೆಗೆ ತರುಣರೇ ಬೇಕು. ಆದಕಾರಣ ಸಾಮಾನ್ಯ ಸಿಪಾಯಿ ಮೂವತ್ತೈದು, ನಲವತ್ತರ ಆಸುಪಾಸಿನಲ್ಲಿಯೇ ಮನೆಗೆ ಮರಳುತ್ತಾನೆ. ಅವನೊಡನೆ ಓದಿ ಗುಮಾಸ್ತನಾದವನು ಇನ್ನೂ ಇಪ್ಪತ್ತು ವರ್ಷ ಸಂಬಳ ಪಡೆಯುತ್ತಾನೆ. ಪ್ರತಿಯೊಂದು ವೇತನ ಆಯೋಗವೂ ಸಂಬಳವನ್ನು ಏರಿಸಿದಂತೆ, ಹಿಂದೆ ನಿವೃತ್ತನಾದವನ ಪಿಂಚಣಿ ಹಿಂದೆಯೇ ಉಳಿಯುತ್ತದೆ. ಅದೇ ಶ್ರೇಣಿ, ಅಷ್ಟೇ ವರ್ಷಗಳ ಸೇವೆ. ಆದರೆ ವಯಸ್ಸಾದವನಿಗೆ ಕಡಿಮೆ, ನಿನ್ನೆ ನಿವೃತ್ತನಾದವನಿಗೆ ಹೆಚ್ಚು. 1973ರ ಮೂರನೆಯ ವೇತನ ಆಯೋಗದ ಕಾಲದಿಂದಲೂ ಮಾಜಿ ಸೈನಿಕರಲ್ಲಿ ಈ ವಿಷಯವಾಗಿ ಅಸಮಾಧಾನವಿತ್ತು. ಭಗತ್ ಸಿಂಗ್ ಕೋಶ್ಯಾರಿಯವರ ಅಧ್ಯಕ್ಷತೆಯ ರಾಜ್ಯಸಭಾ ಸಮಿತಿಯು 2011ರಲ್ಲಿ ಈ ಬೇಡಿಕೆ ನ್ಯಾಯವಾದುದೆಂದು ಹೇಳಿತು. ಆದರೂ ಕಡತ ಚಲಿಸಲಿಲ್ಲ. ಅದು ಚಲಿಸಿದ್ದು ಚುನಾವಣೆ ಸಮೀಪಿಸಿದಾಗ. 2013ರ ಸೆಪ್ಟೆಂಬರ್ 15ರಂದು ಹರಿಯಾಣದ ರೇವಾಡಿಯಲ್ಲಿ, ಎರಡು ದಿನಗಳ ಹಿಂದಷ್ಟೇ ಪ್ರಧಾನಿ ಅಭ್ಯರ್ಥಿಯೆಂದು ಘೋಷಿತರಾಗಿದ್ದ ನರೇಂದ್ರ ಮೋದಿಯವರು ಮಾಜಿ ಸೈನಿಕರ ಸಭೆಯಲ್ಲಿ ಇದನ್ನೆತ್ತಿದರು. 2014ರ ಫೆಬ್ರವರಿ 17ರಂದು ಅಂದಿನ ಹಣಕಾಸು ಸಚಿವ ಚಿದಂಬರಂ ಅವರು ಮಧ್ಯಂತರ ಆಯವ್ಯಯದಲ್ಲಿ ಬೇಡಿಕೆಯನ್ನು ಒಪ್ಪಿ 500 ಕೋಟಿ ರೂಪಾಯಿ ತೆಗೆದಿರಿಸಿದರು. ನಾಲ್ಕು ದಶಕ ಕಾದ ವಿಷಯಕ್ಕೆ ಐದು ತಿಂಗಳಲ್ಲಿ ಇಬ್ಬರು ವಾರಸುದಾರರು ಹುಟ್ಟಿದರು!

ಇಲ್ಲಿ ನೀವು ಆಕ್ಷೇಪಿಸಬಹುದು: ಪಕ್ಷಗಳ ಪೈಪೋಟಿಯೇ ಅಲ್ಲವೇ ಕಡತವನ್ನು ಕದಲಿಸಿದ್ದು? ನಿಜ. ಈ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಬೊಕ್ಕಸದ ಭಾರವನ್ನು ತೋರಿಸಿ, ಇಷ್ಟು ಸಾಧ್ಯ, ಇಷ್ಟು ಅಸಾಧ್ಯ ಎನ್ನುವ ಅಧಿಕಾರವೂ ಸರ್ಕಾರಕ್ಕುಂಟು. ದೋಷವಿರುವುದು ಮುಂದಿನ ಹೆಜ್ಜೆಯಲ್ಲಿ. ಸಾಲವನ್ನು ಕೊಡುಗೆಯೆಂದು ಕರೆದ ಕ್ಷಣದಿಂದ, ಪಡೆಯುವವನು ಮೌನವಾಗಿ ಕೈಮುಗಿಯಬೇಕಾಗುತ್ತದೆ. ಲೆಕ್ಕ ಕೇಳಿದರೆ ಅವನು ಎದುರು ಪಕ್ಷದವನಾಗುತ್ತಾನೆ.

ಹಾಗೆಯೇ ಆಯಿತು. 2015ರ ಜೂನ್ 15ರಿಂದ ದಿಲ್ಲಿಯ ಜಂತರ್ ಮಂತರ್‌ನಲ್ಲಿ ಮಾಜಿ ಸೈನಿಕರು ಧರಣಿ ಕುಳಿತರು. ಸ್ವಾತಂತ್ರ್ಯೋತ್ಸವದ ಹಿಂದಿನ ದಿನ, ಭದ್ರತೆಯ ಹೆಸರಿನಲ್ಲಿ, ಪದಕ ಧರಿಸಿದ ವೃದ್ಧರನ್ನು ಪೊಲೀಸರು ಎಳೆದಾಡಿದ ಚಿತ್ರಗಳನ್ನು ದೇಶವೇ ನೋಡಿತು. ನವೆಂಬರ್ 7ರಂದು ಆದೇಶ ಹೊರಟಿತು. ಪಿಂಚಣಿಯ ಸಮೀಕರಣ ಐದು ವರ್ಷಕ್ಕೊಮ್ಮೆ ಎಂದಿತು. ಧರಣಿ ಕುಳಿತವರು ಕೇಳಿದ್ದು ವರ್ಷವರ್ಷದ ಸಮೀಕರಣ. ಕೆಲವರು ಪದಕಗಳನ್ನು ಹಿಂದಿರುಗಿಸಲು ಹೊರಟಾಗ, ಅದು ಸೈನಿಕರಿಗೆ ತಕ್ಕ ನಡೆಯಲ್ಲವೆಂದು ರಕ್ಷಣಾ ಸಚಿವ ಮನೋಹರ ಪರಿಕ್ಕರ್ ಅವರು ಹೇಳಿದರು. ಎರಡು ವರ್ಷ ಹಿಂದೆ ಪಕ್ಷದ ವೇದಿಕೆಯ ಮುಂದೆ ಸಾಲಾಗಿ ಕುಳಿತದ್ದು ಮಾತ್ರ ಸೈನಿಕೋಚಿತವಾಗಿತ್ತೇ ಎಂದು ಕೇಳಬೇಕೆನಿಸುತ್ತದೆ.

ಇದಕ್ಕಿಂತ ನೋವಿನ ಸಂಗತಿ 2016ರ ನವೆಂಬರ್ 1ರದು. ಹರಿಯಾಣದ ನಿವೃತ್ತ ಸುಬೇದಾರರೊಬ್ಬರು ಪಿಂಚಣಿಯ ಕೊರಗಿನಲ್ಲಿ ದಿಲ್ಲಿಯಲ್ಲಿ ಪ್ರಾಣ ಕಳೆದುಕೊಂಡರು. ಮರುದಿನ ವಿರೋಧ ಪಕ್ಷದ ನಾಯಕರು ಆಸ್ಪತ್ರೆಗೆ ಧಾವಿಸಿದರು. ಪೊಲೀಸರು ಅವರನ್ನು ವಶಕ್ಕೆ ತೆಗೆದುಕೊಂಡರು. ದಿಲ್ಲಿ ಸರ್ಕಾರ ಒಂದು ಕೋಟಿ ರೂಪಾಯಿ ಘೋಷಿಸಿತು. ಕೇಂದ್ರದ ಸಚಿವರೊಬ್ಬರು ಮೃತನ ಮನಃಸ್ಥಿತಿಯ ತನಿಖೆಯಾಗಬೇಕೆಂದರು. ಆತ ಕಾಂಗ್ರೆಸ್ಸಿನ ಕಾರ್ಯಕರ್ತ, ಸರಪಂಚ ಚುನಾವಣೆಗೆ ನಿಂತಿದ್ದವನು ಎಂದೂ ಸೇರಿಸಿದರು. ಈ ಸಚಿವರು ಸ್ವತಃ ಭೂಸೇನೆಯ ನಿವೃತ್ತ ಮುಖ್ಯಸ್ಥರೆಂಬುದನ್ನು ಗಮನಿಸಿ. ವಾಚಕರೇ, ಆ ಮಾತು ಸತ್ಯವೇ ಆಗಿದ್ದೀತು. ಆದರೆ ಸತ್ತವನ ಪಕ್ಷ ತಿಳಿದ ಮಾತ್ರಕ್ಕೆ ಅವನು ಸಲ್ಲಿಸಿದ ಸೇವೆಯ ವರ್ಷಗಳಲ್ಲಿ ಒಂದಾದರೂ ಕಡಿಮೆಯಾಗುವುದೇ? ಆಸ್ಪತ್ರೆಯ ಬಾಗಿಲಿಗೆ ಬಂದವರಲ್ಲಿ ಕಾಂಗ್ರೆಸ್ಸಿಗರೂ ಇದ್ದರು. ನಾಲ್ಕು ದಶಕಗಳ ಬಹುಪಾಲು ಅಧಿಕಾರದಲ್ಲಿದ್ದೂ ಕಡತ ಕದಲಿಸದ ಪಕ್ಷ ಅವರದು. ಒಬ್ಬರು ಶವಕ್ಕೆ ತಮ್ಮ ಬಣ್ಣ ಬಳಿಯಲು ಬಂದರು, ಇನ್ನೊಬ್ಬರು ಎದುರಿನವರ ಬಣ್ಣವನ್ನು ಅದರ ಮೇಲೆ ಹುಡುಕಿದರು.

ಸೈನಿಕರದೂ ಇದರಲ್ಲಿ ಪಾಲಿದೆ. ನಿವೃತ್ತನು ಪ್ರಜೆ; ಪಕ್ಷ ಸೇರುವ ಹಕ್ಕು ಅವನಿಗುಂಟು. ಆದರೆ ಪದಕಗಳನ್ನು ಧರಿಸಿಯೇ ವೇದಿಕೆ ಏರಿದಾಗ, ಸಂವಿಧಾನಕ್ಕಾಗಿ ಗಳಿಸಿದ್ದನ್ನು ಪಕ್ಷಕ್ಕೆ ಒತ್ತೆಯಿಟ್ಟಂತಾಗುತ್ತದೆ. 2019ರ ಮಾರ್ಚ್‌ನಲ್ಲಿ, ಪ್ರಚಾರದಲ್ಲಿ ಸೈನಿಕರ ಚಿತ್ರಗಳನ್ನು ಬಳಸಬೇಡಿರೆಂದು ಚುನಾವಣಾ ಆಯೋಗವೇ ಪಕ್ಷಗಳಿಗೆ ತಿಳಿಸಬೇಕಾಯಿತು. ಮರು ತಿಂಗಳು, ಸೇನೆಯ ರಾಜಕೀಯ ಬಳಕೆಯನ್ನು ತಡೆಯಿರೆಂದು ನೂರೈವತ್ತಕ್ಕೂ ಹೆಚ್ಚು ನಿವೃತ್ತರ ಹೆಸರಿನಲ್ಲಿ ರಾಷ್ಟ್ರಪತಿಗಳಿಗೆ ಬರೆದ ಪತ್ರವೊಂದು ಹೊರಬಂದಿತು. ಹೆಸರಿದ್ದ ಕೆಲವರು ತಾವು ಒಪ್ಪಿರಲಿಲ್ಲವೆಂದರು, ಇತರರು ಒಪ್ಪಿದ್ದೇವೆಂದರು. ಯಾರು ಸಹಿ ಹಾಕಿದರು ಎಂಬ ಜಗಳದಲ್ಲಿ ಏನು ಬರೆದಿತ್ತು ಎಂಬುದು ಮರೆಯಾಯಿತು.

ಕೊನೆಗೆ ವಿಷಯ ಸರ್ವೋಚ್ಚ ನ್ಯಾಯಾಲಯವನ್ನು ತಲುಪಿತು. 2022ರ ಮಾರ್ಚ್ 16ರಂದು ಅದು ಐದು ವರ್ಷದ ಪದ್ಧತಿಯಲ್ಲಿ ಸಂವಿಧಾನದ ದೋಷವಿಲ್ಲವೆಂದಿತು; 2019ರ ಜುಲೈ 1ರಿಂದ ಪರಿಷ್ಕರಣೆ ನಡೆಯಲೇಬೇಕೆಂದೂ ವಿಧಿಸಿತು. ಬಾಕಿ ಹಣ ತಡವಾದಾಗ, 2023ರ ಮಾರ್ಚ್ 20ರಂದು, ಯಾರಿಗೆ ಮೊದಲು ಎಂಬುದನ್ನು ನ್ಯಾಯಾಲಯವೇ ಗೊತ್ತುಮಾಡಿತು: ಕುಟುಂಬ ಪಿಂಚಣಿ ಪಡೆಯುವವರಿಗೂ ಶೌರ್ಯಪದಕ ಪಡೆದವರಿಗೂ ಏಪ್ರಿಲ್ ಮುಗಿಯುವುದರೊಳಗೆ, ಎಪ್ಪತ್ತು ದಾಟಿದವರಿಗೆ ಜೂನ್ ಮುಗಿಯುವುದರೊಳಗೆ, ಉಳಿದವರಿಗೆ ಮುಂದಿನ ಫೆಬ್ರವರಿಯವರೆಗೆ ಮೂರು ಸಮಾನ ಕಂತುಗಳಲ್ಲಿ. ವೈಧವ್ಯ, ಶೌರ್ಯ, ವಯಸ್ಸು ಇಷ್ಟನ್ನೇ ಆ ಪಟ್ಟಿ ವಿಚಾರಿಸಿತ್ತು.