ಸೋಲಬೇಕಾದವರ ಗೆಲುವು

ವಾರ್‌ಹ್ಯಾಮರ್ 40,000 ಆಡುವ ಯಾರನ್ನಾದರೂ ಮಾತಿಗೆಳೆದು ನೋಡಿ. ಆಟ ಹೇಗಿದೆ ಎಂದು ಹೇಳುವ ಮೊದಲೇ ಅದರಲ್ಲಿ ಇನ್ನೂ ಏನೇನು ಇರಬೇಕಿತ್ತು ಎಂದು ಶುರುಮಾಡುತ್ತಾರೆ. ನಾನೂ ಅವರಲ್ಲೊಬ್ಬ. ಗೊತ್ತಿಲ್ಲದವರಿಗೆ ಎರಡು ಮಾತು: ಇದು ಕಂಪ್ಯೂಟರಿನಲ್ಲಿ ಆಡುವ ಆಟವಲ್ಲ. ಹೆಬ್ಬೆರಳಿನಷ್ಟು ಎತ್ತರದ ಪ್ಲಾಸ್ಟಿಕ್ ಸೈನಿಕರನ್ನು ಬಿಡಿಭಾಗಗಳಾಗಿ ಕೊಂಡು, ಅಂಟಿಸಿ, ಸಣ್ಣ ಬ್ರಷ್ಷಿನಿಂದ ಬಣ್ಣ ಹಚ್ಚಿ, ಮೇಜಿನ ಮೇಲೆ ಟೇಪು ಹಿಡಿದು ನಡೆಸಿ, ದಾಳ ಉರುಳಿಸಿ ಕೊಲ್ಲುವ ಆಟ. ಬ್ರಿಟನ್ನಿನ ಗೇಮ್ಸ್ ವರ್ಕ್‌ಶಾಪ್ ಕಂಪನಿ ಇದರ ಮೊದಲ ಪುಸ್ತಕ ತಂದದ್ದು 1987ರಲ್ಲಿ. ಬರೆದವರು ರಿಕ್ ಪ್ರೀಸ್ಟ್ಲಿ.

ಅಭಿಮಾನಿಗಳ ಬೇಡಿಕೆಗಳಲ್ಲಿ ಹೆಚ್ಚಿನವು ಯಾರಿಗೂ ತೊಂದರೆ ಕೊಡುವಂಥವಲ್ಲ. ಸಿಸ್ಟರ್ಸ್ ಆಫ್ ಬ್ಯಾಟಲ್ ಎಂಬ ಸನ್ಯಾಸಿನಿ ಯೋಧೆಯರ ಹಳೆಯ ಲೋಹದ ಬೊಂಬೆಗಳಿಗೆ ಬದಲು ಪ್ಲಾಸ್ಟಿಕ್ಕಿನವು ಬರಲಿ ಎಂದು ವರ್ಷಗಟ್ಟಲೆ ಕೇಳಿದರು. 2019ರ ಕೊನೆಗೆ ಬಂದವು. ಆಟದಿಂದ ಕಾಣೆಯಾಗಿದ್ದ ಸ್ಕ್ವಾಟ್ ಎಂಬ ಕುಳ್ಳರು 2022ರಲ್ಲಿ ಲೀಗ್ಸ್ ಆಫ್ ವೋಟಾನ್ ಎಂಬ ಹೊಸ ಹೆಸರಿನಲ್ಲಿ ಮರಳಿದರು. ಸಂತೋಷ.

ನನ್ನನ್ನು ಕಾಡುವುದು ಇನ್ನೊಂದು ಬೇಡಿಕೆ. ಕಥೆ ಮುಂದೆ ಸಾಗಲಿ, ಮನುಷ್ಯರ ಸಾಮ್ರಾಜ್ಯಕ್ಕೆ ಒಂದಿಷ್ಟು ಆಶಾಕಿರಣ ಕಾಣಲಿ ಎಂಬುದು.

ಆ ಸಾಮ್ರಾಜ್ಯ ಎಂಥದ್ದು? ಚಕ್ರವರ್ತಿ ಹತ್ತು ಸಾವಿರ ವರ್ಷಗಳಿಂದ ಚಿನ್ನದ ಸಿಂಹಾಸನದ ಮೇಲೆ ಸಾಯದೆ ಬದುಕದೆ ಕೂತಿದ್ದಾನೆ. ಅವನನ್ನು ಹಾಗೆ ಉಳಿಸಲು ದಿನಕ್ಕೆ ಸಾವಿರ ಜನರ ಬಲಿ. ಪ್ರಶ್ನೆ ಕೇಳುವುದು ಪಾಪ. ಯಂತ್ರ ಹೇಗೆ ಓಡುತ್ತದೆಂಬುದು ಮರೆತುಹೋಗಿ, ಎಣ್ಣೆ ಬಿಡುವಾಗ ಮಂತ್ರ ಹೇಳುತ್ತಾರೆ. (ಈ ಕೊನೆಯದಕ್ಕೆ ನಾವು ನಗಬೇಕಾಗಿಲ್ಲ, ಆಯುಧಪೂಜೆಯಲ್ಲಿ ಕಂಪ್ಯೂಟರಿಗೆ ಕುಂಕುಮ ಇಡುವವರು ನಾವು.) ಇದನ್ನು ಕಟ್ಟಿದವರು ಎಂಬತ್ತರ ದಶಕದ ಬ್ರಿಟಿಷ್ ಕಾಮಿಕ್ಸ್‌ಗಳ ಕಹಿ ಹಾಸ್ಯ ಉಂಡವರು. ದ್ವೇಷದ ಮೇಲೆ ನಿಂತ ರಾಜ್ಯ ಎಷ್ಟು ಮೂರ್ಖವಾಗಿರುತ್ತದೆ ಎಂಬುದೇ ಅವರ ವ್ಯಂಗ್ಯ.

ಕಥೆಯ ಗಡಿಯಾರ ಬಹಳ ಕಾಲ ನಲವತ್ತೊಂದನೆಯ ಸಹಸ್ರಮಾನದ ಕೊನೆಯಲ್ಲಿ, ಪ್ರಳಯಕ್ಕೆ ಒಂದು ನಿಮಿಷ ಮೊದಲು ನಿಂತಿತ್ತು. ಅಭಿಮಾನಿಗಳು ಬೇಸತ್ತರು. 2017ರಲ್ಲಿ ಚಕ್ರವರ್ತಿಯ ಮಗ ರೊಬೌಟ್ ಗಿಲಿಮನ್ ದೀರ್ಘನಿದ್ರೆಯಿಂದ ಎದ್ದ. 2023ರಲ್ಲಿ ಇನ್ನೊಬ್ಬ ಮಗ ಲಯನ್ ಬಂದ. ಗಿಲಿಮನ್‌ನಿಗೆ ತನ್ನ ತಂದೆಯ ರಾಜ್ಯ ಕಂಡು ಅಸಹ್ಯವೇ ಆಗುತ್ತದೆ, ಲೇಖಕರು ಅಷ್ಟು ಎಚ್ಚರ ವಹಿಸಿದ್ದಾರೆ. ಆದರೂ ಅವನು ಅದಕ್ಕಾಗಿಯೇ ಹೋರಾಡುತ್ತಾನೆ, ಗೆಲ್ಲುತ್ತಾನೆ. ಇಲ್ಲೇ ಏನೋ ತಿರುಗಿಬಿದ್ದಿತು ಎಂದು ನನಗನ್ನಿಸುತ್ತದೆ. ಸೋಲುತ್ತಿರುವ ಸಾಮ್ರಾಜ್ಯದಲ್ಲಿ ಕ್ರೌರ್ಯ ಮೂರ್ಖತನವಾಗಿ ಕಾಣುತ್ತದೆ. ಗೆಲ್ಲುವ ಸಾಧ್ಯತೆ ಬಂದ ಕೂಡಲೇ ಅದೇ ಕ್ರೌರ್ಯ ಗೆಲುವಿಗೆ ತೆರಬೇಕಾದ ಬೆಲೆಯಾಗಿಬಿಡುತ್ತದೆ. ದಿನಕ್ಕೆ ಸಾವಿರ ಬಲಿ, ಹೌದು, ಆದರೆ ಕಾಲ ಕೆಟ್ಟದ್ದು, ನಾಯಕ ಒಳ್ಳೆಯವನು. ಈ ಮಾತನ್ನು ಆಟದ ಹೊರಗೂ ಕೇಳಿದವರಿಗೆ ನಾನು ಹೆಚ್ಚು ವಿವರಿಸಬೇಕಿಲ್ಲ.

2021ರಲ್ಲಿ ಸ್ಪೇನಿನ ಒಂದು ಪಂದ್ಯಾವಳಿಗೆ ಒಬ್ಬ ಆಟಗಾರ ನಾಜಿ ಚಿಹ್ನೆಗಳಿರುವ ಬಟ್ಟೆ ತೊಟ್ಟು ಬಂದ. ಸಾಮ್ರಾಜ್ಯದ ಚಿತ್ರಣ ವ್ಯಂಗ್ಯವೆಂದೂ, ಅದನ್ನು ಆದರ್ಶವೆಂದು ಭಾವಿಸುವವರು ತಮಗೆ ಬೇಡವೆಂದೂ ಕಂಪನಿ ಸ್ಪಷ್ಟವಾಗಿ ಹೇಳಿತು. ಹೇಳಿದ್ದು ಸರಿ. ಆದರೆ 1993ರ ಎರಡನೆಯ ಆವೃತ್ತಿಯಿಂದ 2023ರ ಹತ್ತನೆಯದರವರೆಗೆ ಆರಂಭದ ಪೆಟ್ಟಿಗೆಗಳಲ್ಲಿ ಎದುರಾಳಿ ಬದಲಾಗುತ್ತಾನೆ, ಸ್ಪೇಸ್ ಮರೀನ್‌ಗಳು ಬದಲಾಗುವುದಿಲ್ಲ. ಸಾಮ್ರಾಜ್ಯದ ಈ ಕವಚಧಾರಿಗಳನ್ನು ಮುಖಪುಟದಲ್ಲಿ ದೇವತೆಗಳಂತೆ ಬರೆದು, ಒಳಗಿನ ಪುಟದಲ್ಲಿ ಇದು ವ್ಯಂಗ್ಯ ಎಂದರೆ ಹುಡುಗರಿಗೆ ಮೊದಲು ಕಾಣುವುದು ಮುಖಪುಟ.

ಯುದ್ಧವನ್ನು ಆಟವಾಡುವುದೇ ತಪ್ಪು ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಗ್ರಹಗಳ ನಡುವಿನ ಯುದ್ಧದ ಕಥೆ ಬರೆದ ಎಚ್.ಜಿ. ವೆಲ್ಸ್ 1913ರಲ್ಲಿ ಬೊಂಬೆ ಸೈನಿಕರ ಆಟಕ್ಕೆ ನಿಯಮ ಬರೆದು 'ಲಿಟಲ್ ವಾರ್ಸ್' ಎಂಬ ಪುಸ್ತಕ ಮಾಡಿದ. ಮೂರ್ನಾಲ್ಕು ಸಲ ಇದನ್ನಾಡಿದರೆ ನಿಜವಾದ ಯುದ್ಧ ಎಂಥ ಎಡವಟ್ಟು ಎಂದು ತಿಳಿಯುತ್ತದೆ ಎಂಬುದು ಅವನ ವಾದ. ಮರುವರ್ಷವೇ ಮಹಾಯುದ್ಧ ಬಂತು, ಅದು ಬೇರೆ ಮಾತು.

ನನ್ನ ಪಡೆ ಆಸ್ಟ್ರಾ ಮಿಲಿಟಾರಮ್, ಅಂದರೆ ಸಾಮಾನ್ಯ ಕಾಲಾಳುಗಳು. ಒಬ್ಬೊಬ್ಬನ ಕಣ್ಣಿಗೆ ಚುಕ್ಕೆ ಇಡಲು ನನಗೆ ಹತ್ತು ನಿಮಿಷ ಬೇಕು. ಆಟದಲ್ಲಿ ಎದುರಾಳಿ ದಾಳ ಹಾಕಿದನೆಂದರೆ ಎಂಟು ಜನ ಒಟ್ಟಿಗೆ ಹೋಗುತ್ತಾರೆ, ಕಾಳು ಬಾಚಿದಂತೆ ಬಾಚಿ ಮೇಜಿನಂಚಿಗೆ ಇಡುತ್ತೇನೆ. ಮುಂದಿನ ಭಾನುವಾರ ಅವರೇ ಮತ್ತೆ ಎದ್ದು ನಿಲ್ಲುತ್ತಾರೆ. ಮಹಾಭಾರತದಲ್ಲಿ ಹದಿನೆಂಟು ಅಕ್ಷೋಹಿಣಿ ಸತ್ತ ಮೇಲೆ ಸ್ತ್ರೀಪರ್ವ ಬರುತ್ತದೆ. ಗಾಂಧಾರಿ, ಸೊಸೆಯಂದಿರು ರಣರಂಗದಲ್ಲಿ ತಮ್ಮವರನ್ನು ಹುಡುಕುತ್ತಾರೆ. ಗೆದ್ದವರೂ ಅಲ್ಲಿ ತಲೆ ತಗ್ಗಿಸಬೇಕಾಗುತ್ತದೆ. ಈ ಆಟದಲ್ಲಿ ನನಗೆ ಹೆಚ್ಚಾಗಿ ಬೇಕಿರುವುದು ಅದು. ಯಾವ ಗ್ರಹದಿಂದ ಈ ಹುಡುಗರನ್ನು ಎತ್ತಿಕೊಂಡು ಬಂದರು, ಈಗ ಅಲ್ಲಿ ಹೊಲ ಉಳುವವರು ಯಾರು, ಸಾವಿನ ಸುದ್ದಿ ಹೋಗಿ ಮುಟ್ಟುತ್ತದೆಯೇ.

ಸ್ವಲ್ಪ ಸಿಗುತ್ತಿದೆ ಕೂಡ. 2020ರಲ್ಲಿ ಕಂಪನಿಯ ಪ್ರಕಾಶನ ವಿಭಾಗ ಬ್ಲ್ಯಾಕ್ ಲೈಬ್ರರಿ 'ವಾರ್‌ಹ್ಯಾಮರ್ ಕ್ರೈಮ್' ಎಂಬ ಕಾದಂಬರಿಗಳ ಸಾಲು ಆರಂಭಿಸಿತು. ಕ್ರಿಸ್ ರೈಟ್ ಬರೆದ 'ಬ್ಲಡ್‌ಲೈನ್ಸ್'ನಲ್ಲಿ ವರಂಗಾಂಟುವಾ ಎಂಬ ನಗರದ ಒಬ್ಬ ಪತ್ತೇದಾರ ಕಾಣೆಯಾದ ಶ್ರೀಮಂತರ ಹುಡುಗನನ್ನು ಹುಡುಕುತ್ತಾನೆ. ಗ್ರಹಗಳು ಉರುಳುವುದಿಲ್ಲ. ಅವನಿಗೆ ಹೆಂಡತಿ, ಮಗಳು, ಮೇಲಧಿಕಾರಿ, ದಣಿವು ಇವೆ. ಸಾಮ್ರಾಜ್ಯದ ಭಾರ ಎಷ್ಟೆಂಬುದು ದೊಡ್ಡ ಯುದ್ಧದ ಹತ್ತು ಕಾದಂಬರಿಗಳಿಗಿಂತ ಇದರಲ್ಲಿ ನನಗೆ ಚೆನ್ನಾಗಿ ತಿಳಿಯಿತು.

ನನ್ನೊಂದಿಗೆ ಆಡುವ ಗೆಳೆಯನಿಗೆ ಇದೆಲ್ಲ ಹೇಳಿದೆ. "ಮಾರಾಯ, ವಾರವಿಡೀ ಆಫೀಸಿನಲ್ಲಿ ನಾನು ಆ ಎಂಟು ಜನರಲ್ಲಿ ಒಬ್ಬ. ಭಾನುವಾರ ನಾಲ್ಕು ಗಂಟೆ ಹೀರೋ ಆಗಲಿಕ್ಕೂ ಬಿಡುವುದಿಲ್ಲವೇ ನೀನು?" ಎಂದ. ಅದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಸಣ್ಣವನಾಗಿ ಬದುಕುವವನು ದೊಡ್ಡವನಾಗುವ ಕನಸು ಕಾಣುವುದನ್ನು ಯಾವ ಬಾಯಲ್ಲಿ ತಪ್ಪೆನ್ನಲಿ? ಆ ಕನಸಿಗೆ ತೊಡಿಸಲು ಇಂಥ ರಾಜ್ಯದ ಸಮವಸ್ತ್ರವೇ ಏಕೆ ಬೇಕು ಎಂದಷ್ಟೇ ಕೇಳಿದೆ. "ಚೆನ್ನಾಗಿ ಕಾಣುತ್ತದಲ್ಲ" ಎಂದ. ಅವನಿಗೆ 'ಬ್ಲಡ್‌ಲೈನ್ಸ್' ಓದಲು ಕೊಟ್ಟೆ, ಎರಡು ದಿನದಲ್ಲಿ ಮುಗಿಸಿ ಮೆಚ್ಚಿಕೊಂಡ. ಮುಂದಿನ ತಿಂಗಳು ಕೊಂಡದ್ದು ಮಾತ್ರ ಮತ್ತೊಂದು ಪೆಟ್ಟಿಗೆ ಸ್ಪೇಸ್ ಮರೀನ್. ಭುಜದ ಕವಚಗಳಿಗೆ ನೀಲಿ ಹಚ್ಚಲು ನಾನೂ ಕೂತೆ. ಬಣ್ಣ ಚೆನ್ನಾಗಿಯೇ ಕೂತಿತು.